ನೈಸಿಯಾದಲ್ಲಿ ವೋಟು ಹಾಕಿ ಏಸುವನ್ನು ದೇವರು ಮಾಡಿದರಾ?

ಪ್ರಶ್ನೆ: ಕ್ರಿ.ಶ. 325ರಲ್ಲಿ ನೈಸಿಯಾ ಅನ್ನುವ ಊರಲ್ಲಿ ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ ಬಿಷಪ್ಪರನ್ನೆಲ್ಲ ಸೇರಿಸಿ, ವೋಟು ಹಾಕಿಸಿ, ಏಸುವನ್ನು ದೇವರು ಅಂತ ಘೋಷಿಸಿದನಂತೆ. ಬೈಬಲಿಗೆ ಯಾವ ಪುಸ್ತಕ ಸೇರಬೇಕು ಅನ್ನುವುದೂ ಅಲ್ಲೇ ತೀರ್ಮಾನ ಆಯಿತಂತೆ. ಒಂದು ವಿಡಿಯೋದಲ್ಲಿ ಕೇಳಿದೆ. ನಿಜವೇ? ನಿಜವಾದರೆ, ಕೆಲವು ನೂರು ಜನ ಸೇರಿ ಕೈ ಎತ್ತಿ ತೀರ್ಮಾನ ಮಾಡಿದ್ದನ್ನು ಸತ್ಯ ಅಂತ ಹೇಗೆ ಒಪ್ಪುವುದು?

ಉತ್ತರ: ಬೈಬಲಿನ ವಿಷಯ ಮೊದಲು ಮುಗಿಸಿಬಿಡುತ್ತೇನೆ, ಅದು ಸುಲಭ. ನೈಸಿಯಾ ಸಭೆ ಮಾಡಿದ 20 ನಿಯಮಗಳು ಇವತ್ತಿಗೂ ಓದಲು ಸಿಗುತ್ತವೆ. ಹೊಸ ಬಿಷಪ್ಪರಿಗೆ ದೀಕ್ಷೆ ಕೊಡುವಾಗ ಕಡಿಮೆ ಅಂದರೂ ಮೂವರು ಬಿಷಪ್ಪರಿರಬೇಕು, ಪಾದ್ರಿಗಳು ಬಡ್ಡಿ ವ್ಯವಹಾರ ಮಾಡಬಾರದು, ಭಾನುವಾರ ಮಂಡಿಯೂರದೆ ನಿಂತೇ ಪ್ರಾರ್ಥಿಸಬೇಕು, ಹೀಗೆ. ಈಸ್ಟರ್ ಹಬ್ಬವನ್ನು ಎಲ್ಲರೂ ಒಂದೇ ದಿನ ಮಾಡಬೇಕು ಅಂತಲೂ ಒಪ್ಪಂದವಾಯಿತು. ಬೈಬಲಿನ ಪುಸ್ತಕಗಳ ಪಟ್ಟಿ ಈ ನಿಯಮಗಳಲ್ಲಿ ಎಲ್ಲೂ ಇಲ್ಲ. ಹೊಸ ಒಡಂಬಡಿಕೆಯ ಇವತ್ತಿನ 27 ಪುಸ್ತಕಗಳು, ಒಂದು ಜಾಸ್ತಿಯಿಲ್ಲ, ಒಂದು ಕಡಿಮೆಯಿಲ್ಲ, ಅಷ್ಟೇ ಇರುವ ಪಟ್ಟಿ ನಮಗೆ ಮೊದಲು ಸಿಗುವುದು 367ರಲ್ಲಿ. ಈಜಿಪ್ಟಿನ ಅಲೆಕ್ಸಾಂಡ್ರಿಯಾದ ಬಿಷಪ್ ಅಥನಾಸಿಯಸ್ ಈಸ್ಟರಿಗೆ ಮುಂಚೆ ತನ್ನ ಜನರಿಗೆ ಬರೆದ ಪತ್ರದಲ್ಲಿ ಅದು ಇದೆ. ಅಂದರೆ ನೈಸಿಯಾ ಮುಗಿದು 42 ವರ್ಷ ಆದ ಮೇಲೆ.

ಇನ್ನು ‘ದೇವರು ಮಾಡಿದರು’ ಅನ್ನುವ ಮಾತು. ನೈಸಿಯಾ ಇದ್ದದ್ದು ಬಿಥೂನಿಯ ಪ್ರಾಂತ್ಯದಲ್ಲಿ. ಈಗ ಟರ್ಕಿಯ ಇಜ್ನಿಕ್, ಒಂದು ದೊಡ್ಡ ಕೆರೆಯ ದಂಡೆಯಲ್ಲಿರುವ ಊರು. ಸಭೆಗೆ ಇನ್ನೂರು ವರ್ಷ ಮುಂಚೆ, 112ರ ಆಸುಪಾಸಿನಲ್ಲಿ, ಇದೇ ಪ್ರಾಂತ್ಯದ ಗವರ್ನರ್ ಆಗಿದ್ದ ಪ್ಲಿನಿ ಚಕ್ರವರ್ತಿ ಟ್ರೇಜನ್ನನಿಗೆ ಒಂದು ಪತ್ರ ಬರೆದ. ಕ್ರೈಸ್ತರನ್ನು ಹಿಡಿದು ವಿಚಾರಿಸಿದ್ದ. ಇವರು ಗೊತ್ತಾದ ಒಂದು ದಿನ ಬೆಳಕು ಹರಿಯುವ ಮುಂಚೆ ಸೇರಿ, ಕ್ರಿಸ್ತನಿಗೆ, ದೇವರಿಗೆ ಹಾಡುವ ಹಾಗೆ, ಸ್ತೋತ್ರ ಹಾಡುತ್ತಾರೆ ಅಂತ ಅದರಲ್ಲಿ ಬರೆದಿದ್ದಾನೆ. ಪ್ಲಿನಿ ಕ್ರೈಸ್ತನಲ್ಲ, ಅವರ ಪರವಾಗಿ ಮಾತಾಡುವ ದರ್ದು ಅವನಿಗಿರಲಿಲ್ಲ. ಹಾಗಾಗಿ 325ರಲ್ಲಿ ಯಾರೂ ಏಸುವಿಗೆ ಹೊಸದಾಗಿ ದೈವತ್ವ ಕೊಡಲಿಲ್ಲ. ಜನ ಆಗಲೇ ಅವನನ್ನು ಪೂಜಿಸುತ್ತಿದ್ದರು. ಜಗಳ ಇದ್ದದ್ದು ಬೇರೆ ಕಡೆ. ದೇವರು ಒಬ್ಬನೇ ಅಂತಲೂ ಹೇಳುತ್ತೇವೆ, ಏಸುವನ್ನೂ ಪೂಜಿಸುತ್ತೇವೆ, ಇವೆರಡನ್ನೂ ಒಟ್ಟಿಗೆ ಹೇಳುವುದು ಹೇಗೆ?

ಅಲೆಕ್ಸಾಂಡ್ರಿಯಾದ ಪಾದ್ರಿ ಆರಿಯಸ್ ಇದಕ್ಕೆ ಒಂದು ನೇರ ಉತ್ತರ ಕೊಟ್ಟ. ತಂದೆ ಒಬ್ಬನೇ ಆದಿಯಿಲ್ಲದವನು. ಮಗನಿಗೆ, ಅಂದರೆ ಏಸುವಿಗೆ, ಆದಿ ಇದೆ. ಅವನು ಎಲ್ಲ ಸೃಷ್ಟಿಗಿಂತ ಮೇಲಿನವನು, ಆದರೆ ಅವನೂ ತಂದೆ ಉಂಟುಮಾಡಿದವನೇ. ‘ಅವನು ಇಲ್ಲದಿದ್ದ ಒಂದು ಹೊತ್ತು ಇತ್ತು’ ಅನ್ನುವುದು ಅವನ ಕಡೆಯವರ ಮಾತಾಯಿತು. ಆರಿಯಸ್ ದಡ್ಡನೂ ಅಲ್ಲ, ಕೆಟ್ಟವನೂ ಅಲ್ಲ. ‘ನನ್ನ ತಂದೆ ನನಗಿಂತ ದೊಡ್ಡವನು’ ಅಂತ ಯೋಹಾನನ ಸುವಾರ್ತೆಯಲ್ಲಿ ಏಸುವೇ ಹೇಳುತ್ತಾನಲ್ಲ, ಜ್ಞಾನೋಕ್ತಿಗಳ ಎಂಟನೇ ಅಧ್ಯಾಯದಲ್ಲಿ ಜ್ಞಾನವು ‘ಕರ್ತನು ನನ್ನನ್ನು ಮೊದಲು ಸೃಷ್ಟಿಸಿದನು’ ಅನ್ನುತ್ತದಲ್ಲ, ಅದನ್ನು ಏನು ಮಾಡುತ್ತೀರಿ ಅಂತ ಕೇಳಿದ. ಆ ಕಡೆಯಿಂದ ಅವನ ಬಿಷಪ್ ಅಲೆಕ್ಸಾಂಡರ್, ‘ನಾನೂ ತಂದೆಯೂ ಒಂದೇ’ ಅನ್ನುವುದೂ ಅದೇ ಸುವಾರ್ತೆಯಲ್ಲಿದೆ, ಅದನ್ನು ನೀನೇನು ಮಾಡುತ್ತೀಯ ಅಂದ. ಮಗ ಸೃಷ್ಟಿಯಾದರೆ ನಾವು ಇಷ್ಟು ದಿನ ಪೂಜಿಸಿದ್ದು ಸೃಷ್ಟಿಯನ್ನೇ, ನಮ್ಮನ್ನು ಉಳಿಸಿದ್ದು ದೇವರಲ್ಲ ಅಂತಾಯಿತಲ್ಲ ಅನ್ನುವುದು ಅವರ ಸಂಕಟ. ಇಬ್ಬರ ಕೈಯಲ್ಲೂ ಅದೇ ಬೈಬಲ್. ವಚನ ತೋರಿಸಿ ಮುಗಿಸುವ ಜಗಳ ಇದಾಗಿರಲಿಲ್ಲ. ಆರಿಯಸ್ ತನ್ನ ಮಾತನ್ನು ಹಾಡು ಕಟ್ಟಿ ನಾವಿಕರ ಬಾಯಿಗೂ ಬೀಸುಕಲ್ಲಿನವರ ಬಾಯಿಗೂ ಹಾಕಿದ ಅಂತ ಹಳೆಯ ಚರಿತ್ರೆಕಾರರು ಹೇಳುತ್ತಾರೆ. ಬಂದರಿನ ಊರಲ್ಲಿ ಅದು ಎಷ್ಟು ಬೇಗ ಹರಡಿರಬಹುದು!

324ರಲ್ಲಿ ಕಾನ್‌ಸ್ಟಂಟೈನ್ ಪೂರ್ವದ ಚಕ್ರವರ್ತಿ ಲಿಸಿನಿಯಸ್ಸನನ್ನು ಸೋಲಿಸಿ ಇಡೀ ಸಾಮ್ರಾಜ್ಯ ಹಿಡಿದ. ನೋಡಿದರೆ ಪೂರ್ವದ ಧರ್ಮಸಭೆ ಒಡೆದು ನಿಂತಿದೆ. ಅವನು ಇಬ್ಬರಿಗೂ ಸೇರಿಸಿ ಒಂದು ಪತ್ರ ಬರೆದು, ಸ್ಪೇನಿನ ಕಾರ್ಡೊಬಾದ ಬಿಷಪ್ ಹೋಸಿಯಸ್ಸನ ಕೈಯಲ್ಲಿ ಕಳಿಸಿದ. ಆ ಪತ್ರದ ಸಾರ ಇಷ್ಟೇ: ಇದು ಸಣ್ಣ ವಿಷಯ, ಇಂಥ ಪ್ರಶ್ನೆ ಕೇಳಲೂ ಬಾರದಿತ್ತು, ಕೇಳಿದರೆ ಉತ್ತರಿಸಲೂ ಬಾರದಿತ್ತು, ರಾಜಿಯಾಗಿ. ಏಸುವನ್ನು ದೇವರು ಮಾಡಲು ಹೊರಟವನ ಮಾತು ಇದಲ್ಲ ಅಲ್ವಾ? ಅವನಿಗೆ ಬೇಕಿದ್ದದ್ದು ಶಾಂತಿ. ಪತ್ರದಿಂದ ಕೆಲಸ ಆಗಲಿಲ್ಲ, ಸಭೆ ಕರೆದ. ಮೊದಲು ಅಂಕಿರದಲ್ಲಿ ಅಂತ ಇತ್ತು, ಈಗಿನ ಅಂಕಾರ. ಆಮೇಲೆ ನೈಸಿಯಾಗೆ ಬದಲಾಯಿಸಿದ.

ಬಂದವರು ಎಷ್ಟು ಜನ? 318 ಅಂತ ಸಂಪ್ರದಾಯ ಹೇಳುತ್ತದೆ. ಅದು ಆದಿಕಾಂಡದಲ್ಲಿ ಅಬ್ರಹಾಮನ ಜೊತೆ ಯುದ್ಧಕ್ಕೆ ಹೋದ ಆಳುಗಳ ಸಂಖ್ಯೆ. ಅಲ್ಲೇ ಇದ್ದ ಕೈಸರಿಯದ ಯೂಸೇಬಿಯಸ್ 250ಕ್ಕಿಂತ ಹೆಚ್ಚು ಅನ್ನುತ್ತಾನೆ. ಹೆಚ್ಚುಕಮ್ಮಿ ಎಲ್ಲರೂ ಗ್ರೀಕ್ ಮಾತಾಡುವ ಪೂರ್ವದವರು. ರೋಮಿನ ಬಿಷಪ್ ಸಿಲ್ವೆಸ್ಟರ್ ಬರಲೇ ಇಲ್ಲ, ಇಬ್ಬರು ಪಾದ್ರಿಗಳನ್ನು ಕಳಿಸಿದ. ಬಂದ ಬಿಷಪ್ಪರಲ್ಲಿ ಕೆಲವರ ಮೈಮೇಲೆ ಹಿಂಸೆಯ ಗುರುತು ಇನ್ನೂ ಇತ್ತು. ಈಜಿಪ್ಟಿನ ಪಫ್ನೂಟಿಯಸ್ಸನಿಗೆ ಒಂದು ಕಣ್ಣು ಕಿತ್ತಿದ್ದರು, ನಿಯೋಕೈಸರಿಯದ ಪೌಲನ ಕೈಗಳನ್ನು ಕಾದ ಕಬ್ಬಿಣದಿಂದ ಸುಟ್ಟಿದ್ದರು ಅಂತ ಹಳೆಯ ಚರಿತ್ರೆಗಳು ಹೇಳುತ್ತವೆ. ಹಿಂದಿನ ಚಕ್ರವರ್ತಿಗಳ ಕಾಲದಲ್ಲಿ ಕಣ್ಣು, ಕೈ ಕಳೆದುಕೊಂಡೂ ಬಗ್ಗದ ಜನ ಈ ಚಕ್ರವರ್ತಿ ಹೇಳಿದ ಅಂತ ಸುಮ್ನೆ ತಮ್ಮ ದೇವರನ್ನು ಬದಲಾಯಿಸಿಕೊಂಡರು ಅನ್ನುವುದು ನನಗೆ ಯಾವತ್ತೂ ನಂಬಲು ಆಗಿಲ್ಲ.

ಸಭೆಯೊಳಗೆ ಏನಾಯಿತು ಅನ್ನುವುದಕ್ಕೆ ನಡಾವಳಿ ಪುಸ್ತಕ ಉಳಿದಿಲ್ಲ. ಆದರೆ ಅಥನಾಸಿಯಸ್, ಅವನು ಆಗ ಅಲೆಕ್ಸಾಂಡರನ ಜೊತೆ ಹೋಗಿದ್ದ ಯುವಕ, ಸುಮಾರು ಕಾಲು ಶತಮಾನ ಆದ ಮೇಲೆ ಒಂದು ದೃಶ್ಯ ಬರೆದಿದ್ದಾನೆ. ಅವನು ಒಂದು ಪಕ್ಷದವನು, ಅದನ್ನು ನೆನಪಿಟ್ಟುಕೊಂಡೇ ಓದಬೇಕು. ಬಿಷಪ್ಪರು ವಿಶ್ವಾಸ ಪ್ರಮಾಣವನ್ನು, ಅಂದರೆ ಎಲ್ಲರೂ ಒಪ್ಪಿ ಹೇಳುವ ನಂಬಿಕೆಯ ಪಾಠವನ್ನು, ಬೈಬಲಿನ ಪದಗಳಲ್ಲೇ ಬರೆಯೋಣ ಅಂತ ಹೊರಟರಂತೆ. ಮಗ ‘ದೇವರಿಂದ ಬಂದವನು’ ಅಂತ ಬರೆಯೋಣ ಅಂದರು. ಆರಿಯಸ್ಸನ ಕಡೆಯವರು ತಕ್ಷಣ ಒಪ್ಪಿದರು. ಯಾಕೆಂದರೆ ‘ಎಲ್ಲವೂ ದೇವರಿಂದಲೇ’ ಅಂತ ಪೌಲನೇ ಬರೆದಿದ್ದಾನೆ, ಹಾಗಾದರೆ ನಾವೂ ದೇವರಿಂದ ಬಂದವರೇ. ಸರಿ, ಅವನು ‘ದೇವರ ಶಕ್ತಿ’ ಅಂತ ಬರೆಯೋಣ ಅಂದರು. ಅದಕ್ಕೂ ಒಪ್ಪಿದರು. ಯೋವೇಲನ ಪುಸ್ತಕದಲ್ಲಿ ಮಿಡತೆಗಳ ಹಿಂಡನ್ನೂ ದೇವರು ತನ್ನ ದೊಡ್ಡ ಶಕ್ತಿ ಅಂತ ಕರೆದಿದ್ದಾನೆ! ಒಂದೊಂದು ಪದ ಬಂದಾಗಲೂ ಅವರು ಒಬ್ಬರಿಗೊಬ್ಬರು ಪಿಸುಗುಟ್ಟಿ ಕಣ್ಣು ಹೊಡೆಯುತ್ತಿದ್ದರು ಅನ್ನುತ್ತಾನೆ ಅಥನಾಸಿಯಸ್. ಎರಡೂ ಕಡೆಯವರು ಒಂದೇ ವಾಕ್ಯಕ್ಕೆ ಸಹಿ ಹಾಕಿ, ಮನಸ್ಸಿನಲ್ಲಿ ಬೇರೆ ಬೇರೆ ಅರ್ಥ ಇಟ್ಟುಕೊಂಡು ಮನೆಗೆ ಹೋಗಬಹುದಿತ್ತು. ಆಗಲೇ ಬೈಬಲಿನಲ್ಲಿ ಇಲ್ಲದ ಒಂದು ಗ್ರೀಕ್ ಪದ ಬಂತು: ಹೊಮೊಊಸಿಯೊಸ್. ‘ಹೊಮೊ’ ಅಂದರೆ ಒಂದೇ, ‘ಊಸಿಯ’ ಅಂದರೆ ಇರವು, ತತ್ತ್ವ. ತಂದೆ ಏನೋ ಮಗನೂ ಅದೇ. ಆ ಪದವನ್ನು ಆರಿಯಸ್ಸಿನ ಕಡೆಯವರು ನುಂಗಲಾರರು ಅಂತ ಗೊತ್ತಿದ್ದೇ ತಂದರು.

ಆದರೆ ನುಂಗಲು ಕಷ್ಟಪಟ್ಟವರು ಅವರಷ್ಟೇ ಆಗಿರಲಿಲ್ಲ. ಕೈಸರಿಯದ ಯೂಸೇಬಿಯಸ್ಸನನ್ನೇ ನೋಡಿ. ಅವನು ದೊಡ್ಡ ವಿದ್ವಾಂಸ, ಪ್ರತಿಷ್ಠಿತ ಬಿಷಪ್. ಸಹಿ ಹಾಕಿದ ಮೇಲೆ ಊರಿಗೆ ವಾಪಸ್ ಹೋಗಿ ಜನರ ಮುಖ ನೋಡಬೇಕಲ್ಲ. ಅದಕ್ಕೇ ಮುಂಚಿತವಾಗಿ ಒಂದು ಪತ್ರ ಕಳಿಸಿದ. ಆ ಪತ್ರ ಉಳಿದಿದೆ. ನಾನು ಸಭೆಯಲ್ಲಿ ಓದಿದ್ದು ನಮ್ಮೂರಿನ ವಿಶ್ವಾಸ ಪ್ರಮಾಣವನ್ನು, ಚಕ್ರವರ್ತಿಯೂ ಅದು ಸರಿ ಅಂದ, ಈ ಒಂದು ಪದ ಸೇರಿಸಿ ಅಂದ, ಆಮೇಲೆ ಇವರು ಇನ್ನೂ ಏನೇನೋ ಸೇರಿಸಿದರು ಅಂತ ಬರೆಯುತ್ತಾನೆ. ನಾನು ಸುಮ್ಮನೆ ಒಪ್ಪಲಿಲ್ಲ, ಒಂದೊಂದು ಪದಕ್ಕೂ ಅರ್ಥ ಕೇಳಿದೆ, ದೇವರನ್ನು ತುಂಡು ಮಾಡಿದ ಹಾಗೆ, ಮೈಯನ್ನು ಭಾಗ ಮಾಡಿದ ಹಾಗೆ ಇದರ ಅರ್ಥ ಅಲ್ಲ ಅಂತ ಅವರು ಹೇಳಿದ ಮೇಲೆ, ಶಾಂತಿಯೂ ಮುಖ್ಯ ಅಂತ ಒಪ್ಪಿದೆ ಅನ್ನುತ್ತಾನೆ. ನೀವು ಕೇಳಿದ ಪ್ರಶ್ನೆಗೆ ಈ ಪತ್ರದಷ್ಟು ಒಳ್ಳೆಯ ಸಾಕ್ಷಿ ಬೇರೆ ಇಲ್ಲ. ಚಕ್ರವರ್ತಿಯ ಒತ್ತಡ ಇದ್ದದ್ದು ನಿಜ, ಅದನ್ನು ಯಾರೂ ಮುಚ್ಚಿಡಬಾರದು. ಕೊನೆಗೆ ಸಹಿ ಹಾಕದೆ ಉಳಿದ ಬಿಷಪ್ಪರು ಇಬ್ಬರೇ, ಇಬ್ಬರೂ ಲಿಬಿಯಾ ಕಡೆಯವರು: ಥಿಯೊನಾಸ್ ಮತ್ತು ಸೆಕುಂಡಸ್. ಅವರನ್ನು ಆರಿಯಸ್ಸನ ಜೊತೆ ಗಡೀಪಾರು ಮಾಡಿದರು. ಸಭೆಯ ತೀರ್ಮಾನ ಒಪ್ಪದವರಿಗೆ ಸರ್ಕಾರ ಶಿಕ್ಷೆ ಕೊಡುವ ಕೆಟ್ಟ ಪದ್ಧತಿ ಅಲ್ಲಿಂದ ಗಟ್ಟಿಯಾಗಿ ಬೇರೂರಿತು. ಅದರ ನೋವು ಆಮೇಲೆ ಎಲ್ಲ ಪಕ್ಷದವರೂ ತಿಂದರು.

ಇಲ್ಲಿಗೆ ಕಥೆ ಮುಗಿಯಿತು ಅಂತ ವಿಡಿಯೋಗಳು ನಿಲ್ಲಿಸುತ್ತವೆ. ಸಹಿ ಬಿದ್ದ ಮೇಲೂ ಜಗಳ 56 ವರ್ಷ ನಡೆಯಿತು ಅನ್ನುವುದು ಗೊತ್ತಾದರೆ ನಿಮ್ಮ ಪ್ರಶ್ನೆಯ ರೂಪವೇ ಬದಲಾಗುತ್ತದೆ. ಸ್ವತಃ ಕಾನ್‌ಸ್ಟಂಟೈನ್ ಕೆಲವೇ ವರ್ಷದಲ್ಲಿ ಮನಸ್ಸು ಬದಲಾಯಿಸಿ ಆರಿಯಸ್ಸನನ್ನು ವಾಪಸ್ ಕರೆಸಿದ. 335ರಲ್ಲಿ ಅಥನಾಸಿಯಸ್ಸನನ್ನೇ ದೂರದ ಟ್ರಿಯರಿಗೆ ಗಡೀಪಾರು ಮಾಡಿದ. 337ರಲ್ಲಿ ಸಾಯುವ ಮುಂಚೆ ದೀಕ್ಷಾಸ್ನಾನ ತೆಗೆದುಕೊಂಡದ್ದು ಆರಿಯಸ್ಸನ ಬೆಂಬಲಿಗನಾಗಿದ್ದ ನಿಕೊಮಿಡಿಯಾದ ಯೂಸೇಬಿಯಸ್ಸನ ಕೈಯಲ್ಲಿ. ಕಾನ್‌ಸ್ಟಂಟೈನನ ಮಗ ಕಾನ್‌ಸ್ಟಾಂಟಿಯಸ್ ಹೊಮೊಊಸಿಯೊಸ್ ಪದವನ್ನೇ ತೆಗೆಸಲು ಸಭೆಯ ಮೇಲೆ ಸಭೆ ಕರೆದ. ಸಿರ್ಮಿಯಮ್ಮಿನಲ್ಲಿ 357ರಲ್ಲಿ ಊಸಿಯ ಅನ್ನುವ ಮಾತೇ ಎತ್ತಬೇಡಿ ಅಂತ ಬರೆಸಿದರು. 359ರಲ್ಲಿ ಪಶ್ಚಿಮದ ನಾನೂರಕ್ಕೂ ಹೆಚ್ಚು ಬಿಷಪ್ಪರನ್ನು ಇಟಲಿಯ ರಿಮಿನಿಯಲ್ಲಿ ತಿಂಗಳುಗಟ್ಟಲೆ ಕೂರಿಸಿ, ನೈಸಿಯಾದ ಪದ ಇಲ್ಲದ ಪ್ರಮಾಣಕ್ಕೆ ಸಹಿ ಹಾಕಿಸಿದರು. ಇಡೀ ಜಗತ್ತು ನರಳಿ, ತಾನು ಆರಿಯಸ್ಸನ ಕಡೆಯದಾಗಿದ್ದು ಕಂಡು ಬೆರಗಾಯಿತು ಅಂತ ಕ್ರೈಸ್ತ ವಿದ್ವಾಂಸ ಜೆರೋಮ್ ಆಮೇಲೆ ಬರೆದ. ಕ್ರೈಸ್ತನಲ್ಲದ ಚರಿತ್ರೆಕಾರ ಅಮ್ಮಿಯಾನಸ್, ಬಿಷಪ್ಪರ ಹಿಂಡುಗಳು ಸಭೆಯಿಂದ ಸಭೆಗೆ ಓಡಾಡಿ ಸರ್ಕಾರಿ ಟಪಾಲು ಕುದುರೆಗಳ ವ್ಯವಸ್ಥೆಯನ್ನೇ ಹಾಳುಮಾಡಿದವು ಅಂತ ದೂರುತ್ತಾನೆ. ತಲೆ ಎಣಿಸುವುದೇ ಲೆಕ್ಕವಾದರೆ ರಿಮಿನಿಯ ತಲೆಗಳು ನೈಸಿಯಾದ್ದಕ್ಕಿಂತ ಜಾಸ್ತಿ. ಆದರೂ ರಿಮಿನಿಯ ಪ್ರಮಾಣವನ್ನು ಇವತ್ತು ಯಾವ ಚರ್ಚಿನಲ್ಲೂ ಹೇಳುವುದಿಲ್ಲ.

ಹಾಗಾದರೆ ನೈಸಿಯಾ ಯಾಕೆ ಉಳಿಯಿತು? ನನ್ನ ಮಟ್ಟಿಗೆ ಇದಕ್ಕೆ ಉತ್ತರ 362ರಲ್ಲಿ ಅಲೆಕ್ಸಾಂಡ್ರಿಯಾದಲ್ಲಿ ಸೇರಿದ ಒಂದು ಚಿಕ್ಕ ಸಭೆಯಲ್ಲಿದೆ. ಅದರ ಹೆಸರು ಬಹಳ ಜನಕ್ಕೆ ಗೊತ್ತಿಲ್ಲ.

ಹಿನ್ನೆಲೆ ಹೇಳುತ್ತೇನೆ. ಪೂರ್ವದಲ್ಲಿ ಪ್ರಾಮಾಣಿಕರಾದ ಸಾವಿರಾರು ಜನ ಆರಿಯಸ್ಸನನ್ನು ಒಪ್ಪುತ್ತಿರಲಿಲ್ಲ, ಆದರೆ ‘ಒಂದೇ ತತ್ತ್ವ’ ಅನ್ನುವ ಮಾತಿಗೂ ಹೆದರುತ್ತಿದ್ದರು. ಹಿಂದೆ ಸಬೆಲ್ಲಿಯಸ್ ಅನ್ನುವವನ ಹೆಸರಿನಲ್ಲಿ ಒಂದು ಬೋಧನೆ ಹರಡಿತ್ತು. ತಂದೆ, ಮಗ, ಪವಿತ್ರಾತ್ಮ ಅನ್ನುವುದು ಒಬ್ಬನೇ ಹಾಕುವ ಮೂರು ವೇಷ ಅಂತ. ‘ಒಂದೇ’ ಅಂದರೆ ಅಲ್ಲಿಗೇ ಹೋಗುತ್ತೇವೆ ಅನ್ನುವ ಭಯ. ಹಾಗಾಗಿ ಕೆಲವರು ‘ಹೊಮೊಇಊಸಿಯೊಸ್’ ಅಂದರು, ತತ್ತ್ವದಲ್ಲಿ ತಂದೆಯನ್ನು ಹೋಲುವವನು ಅಂತ. ಮಧ್ಯೆ ಒಂದು ‘ಇ’ ಸೇರಿತು, ಅಷ್ಟೇ. ಜೊತೆಗೆ ಪೂರ್ವದವರು ‘ಮೂರು ಹುಪೊಸ್ಟಾಸಿಸ್’ ಅನ್ನುತ್ತಿದ್ದರು. ಆ ಪದಕ್ಕೆ ಅಕ್ಷರಶಃ ಅರ್ಥ ಕೆಳಗೆ ನಿಂತದ್ದು. ಅದನ್ನು ಹಾಗೇ ಲ್ಯಾಟಿನ್ನಿಗೆ ತಿರುಗಿಸಿದರೆ ‘ಸುಬ್‌ಸ್ಟಾನ್ಷಿಯ’ ಆಗುತ್ತದೆ, ಅಂದರೆ ತತ್ತ್ವ. ಪಶ್ಚಿಮದವರ ಕಿವಿಗೆ ‘ಮೂರು ತತ್ತ್ವ’ ಅಂತ ಬೀಳುತ್ತಿತ್ತು, ಇವರು ಮೂರು ದೇವರನ್ನು ಪೂಜಿಸುತ್ತಾರೆ ಅಂತ ಬೈದರು. ಪಶ್ಚಿಮದವರು ಮತ್ತು ಹಳೆಯ ನೈಸಿಯಾ ಪಕ್ಷದವರು ‘ಒಂದೇ ಹುಪೊಸ್ಟಾಸಿಸ್’ ಅಂದಾಗ ಪೂರ್ವದವರ ಕಿವಿಗೆ ಸಬೆಲ್ಲಿಯಸ್ಸನ ಮೂರು ವೇಷದ ಮಾತು ಕೇಳಿಸುತ್ತಿತ್ತು.

ಅಥನಾಸಿಯಸ್ ಆಗ ಮೂರನೇ ಗಡೀಪಾರು ಮುಗಿಸಿ ಬಂದಿದ್ದ. ಒಟ್ಟು ಐದು ಸಲ, 17 ವರ್ಷ ಊರು ಬಿಟ್ಟು ಇದ್ದವನು ಅವನು. ಸೇಡು ತೀರಿಸಿಕೊಳ್ಳಲು ಎಲ್ಲ ಕಾರಣವೂ ಇತ್ತು. ಅದರ ಬದಲು ಅವನ ಸಭೆ ಎರಡೂ ಕಡೆಯವರನ್ನು ಕೂರಿಸಿ ಪ್ರಶ್ನೆ ಕೇಳಿತು. ಅಂತಿಯೋಕ್ಯದವರಿಗೆ ಬರೆದ ಪತ್ರದಲ್ಲಿ ಅದು ದಾಖಲಾಗಿದೆ. ‘ಮೂರು’ ಅನ್ನುವವರನ್ನು ಕೇಳಿದರು: ಮೂರು ಅಂದರೆ ಒಂದಕ್ಕೊಂದು ಸಂಬಂಧ ಇಲ್ಲದ್ದಾ? ಚಿನ್ನ, ಬೆಳ್ಳಿ, ಹಿತ್ತಾಳೆ ಬೇರೆ ಬೇರೆ ಇದ್ದ ಹಾಗಾ? ಮೂರು ದೇವರುಗಳಾ? ಅವರು ಅಯ್ಯೋ ಅಲ್ಲ, ನಾವು ಹಾಗೆ ಹೇಳಿಯೂ ಇಲ್ಲ, ಯೋಚಿಸಿಯೂ ಇಲ್ಲ ಅಂದರು. ತ್ರಯೇಕತ್ವ, ಅಂದರೆ ಒಬ್ಬನೇ ದೇವರಲ್ಲಿ ತಂದೆ, ಮಗ, ಆತ್ಮ ಅನ್ನುವುದು, ಬರೀ ಹೆಸರಲ್ಲ, ತಂದೆ ನಿಜವಾಗಿ ತಂದೆ, ಮಗ ನಿಜವಾಗಿ ಮಗ, ಅದನ್ನು ಹೇಳಲು ಮೂರು ಅಂತೇವೆ ಅಂದರು. ಆಮೇಲೆ ‘ಒಂದು’ ಅನ್ನುವವರನ್ನು ಕೇಳಿದರು: ನೀವು ಸಬೆಲ್ಲಿಯಸ್ಸನ ಹಾಗೆ ಮಗನನ್ನೂ ಆತ್ಮನನ್ನೂ ಅಳಿಸಿಹಾಕುತ್ತೀರಾ? ಅವರೂ ಇಲ್ಲ ಅಂದರು, ಹುಪೊಸ್ಟಾಸಿಸ್ ಅಂದರೂ ಊಸಿಯ ಅಂದರೂ ನಮಗೆ ಒಂದೇ, ಅದಕ್ಕೇ ಒಂದು ಅಂತೇವೆ ಅಂದರು. ಇಷ್ಟು ವರ್ಷ ಒಬ್ಬರಿಗೊಬ್ಬರು ಪಾಷಂಡಿಗಳು ಅಂತ ಬೈದುಕೊಂಡವರು ಹೇಳಲು ಹೊರಟದ್ದು ಒಂದನ್ನೇ! ಇದನ್ನು ತರಗತಿಯಲ್ಲಿ ಓದಿಸುವಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಆಮೇಲೆ ಕಪ್ಪದೋಕ್ಯದ ಮೂವರು, ಅಂದರೆ ಬಸಿಲ್, ಅವನ ತಮ್ಮ ನಿಸ್ಸದ ಗ್ರೆಗರಿ, ಗೆಳೆಯ ನಜಿಯಾನ್ಜದ ಗ್ರೆಗರಿ, ಈ ಎರಡು ಪದಗಳನ್ನು ಬೇರೆ ಮಾಡಿ ಕೊಟ್ಟರು. ಊಸಿಯ ಒಂದು, ಹುಪೊಸ್ಟಾಸಿಸ್ ಮೂರು. ನಾವು ಕನ್ನಡದಲ್ಲಿ ತತ್ತ್ವ ಒಂದು, ವ್ಯಕ್ತಿ ಮೂವರು ಅನ್ನುತ್ತೇವಲ್ಲ, ಅದು ಇಲ್ಲಿಂದ ಬಂದದ್ದು. 381ರಲ್ಲಿ ಥಿಯೊಡೋಸಿಯಸ್ ಚಕ್ರವರ್ತಿ ಕಾನ್‌ಸ್ಟಾಂಟಿನೋಪಲ್ಲಿನಲ್ಲಿ 150 ಬಿಷಪ್ಪರ ಸಭೆ ಕರೆಯುವ ಹೊತ್ತಿಗೆ ಕೆಲಸ ಮುಕ್ಕಾಲು ಪಾಲು ಮುಗಿದಿತ್ತು. ಭಾನುವಾರದ ಪೂಜೆಯಲ್ಲಿ ನೈಸಿಯಾ ವಿಶ್ವಾಸ ಪ್ರಮಾಣ ಅಂತ ಹೇಳುವುದು ನಿಜವಾಗಿ ಈ 381ರ ಸಭೆಯ ಹೆಸರಿನಲ್ಲಿ ಬಂದ ಪಾಠ. ಆ ಹೊತ್ತಿನಲ್ಲಿ ಕಾನ್‌ಸ್ಟಾಂಟಿನೋಪಲ್ಲಿನ ಬೀದಿ ಹೇಗಿತ್ತು ಅಂತ ನಿಸ್ಸದ ಗ್ರೆಗರಿ ಹೇಳಿದ್ದಾನೆ. ಚಿಲ್ಲರೆ ಕೇಳಿದರೆ ಹುಟ್ಟಿದವನು, ಹುಟ್ಟದವನು ಅಂತ ಶುರುಮಾಡುತ್ತಾರೆ, ರೊಟ್ಟಿಯ ಬೆಲೆ ಕೇಳಿದರೆ ತಂದೆ ದೊಡ್ಡವನು ಅನ್ನುತ್ತಾರೆ, ಸ್ನಾನಕ್ಕೆ ನೀರು ಕಾದಿದೆಯಾ ಅಂದರೆ ಮಗ ಶೂನ್ಯದಿಂದ ಬಂದವನು ಅಂತ ಉತ್ತರ ಬರುತ್ತದೆ. ಅವನಿಗೆ ಅದು ಬೇಸರದ ಮಾತು. ನನಗೆ ಮಾತ್ರ, ಇದು ಬರೀ ಬಿಷಪ್ಪರ ಜಗಳ ಆಗಿರಲಿಲ್ಲ ಅನ್ನುವುದಕ್ಕೆ ಸಾಕ್ಷಿ.

362ರ ಹಾಗೆ ಅರ್ಥ ಕೇಳದೆ ಹೋದಾಗ ಏನಾಗುತ್ತದೆ ಅನ್ನುವುದಕ್ಕೂ ಒಂದು ಸಭೆ ಇದೆ: 451ರ ಕಾಲ್ಸೆಡನ್. ಮುಂದಿನ ಪ್ರಶ್ನೆ ಅದು. ಮಗ ಪೂರ್ತಿ ದೇವರು ಅಂತಾದ ಮೇಲೆ, ಮರಿಯಳ ಹೊಟ್ಟೆಯಲ್ಲಿ ಹುಟ್ಟಿ ಹಸಿದು ಅತ್ತ ಏಸುವಿನಲ್ಲಿ ದೈವವೂ ಮಾನವತ್ವವೂ ಹೇಗೆ ಕೂಡಿವೆ? 431ರಲ್ಲಿ ಎಫೆಸದಲ್ಲಿ ಅಲೆಕ್ಸಾಂಡ್ರಿಯಾದ ಬಿಷಪ್ ಸಿರಿಲ್, ಅಂತಿಯೋಕ್ಯದ ಬಿಷಪ್ಪರು ಬಂದು ಸೇರುವ ಮುಂಚೆಯೇ ಸಭೆ ಶುರುಮಾಡಿ ಕಾನ್‌ಸ್ಟಾಂಟಿನೋಪಲ್ಲಿನ ಬಿಷಪ್ ನೆಸ್ಟೋರಿಯಸ್ಸನನ್ನು, ಇವೆರಡನ್ನೂ ತೀರಾ ಬೇರೆ ಮಾಡುತ್ತಾನೆ ಅಂತ, ಪದವಿಯಿಂದ ಇಳಿಸಿದ. ಅದು ಅನ್ಯಾಯ ಅಂತ ನಾನು ಹೇಳಲೇಬೇಕು, ಸಿರಿಲ್ಲನ ದೇವಶಾಸ್ತ್ರದ ಬಗ್ಗೆ ನನಗೆ ಎಷ್ಟೇ ಗೌರವ ಇದ್ದರೂ. ಕಾಲ್ಸೆಡನ್ನಿನಲ್ಲಿ ಜಗಳ ಒಂದು ಪ್ರತ್ಯಯಕ್ಕೆ ಬಂದು ನಿಂತಿತು. ಕ್ರಿಸ್ತನು ‘ಎರಡು ಸ್ವಭಾವಗಳಿಂದ’ ಅಂತ ಕರಡಿನಲ್ಲಿತ್ತು. ರೋಮಿನ ಪ್ರತಿನಿಧಿಗಳು ಒಪ್ಪದೆ, ‘ಎರಡು ಸ್ವಭಾವಗಳಲ್ಲಿ’ ಅಂತಾಯಿತು. ‘ಇಂದ’ ಹೋಗಿ ‘ಅಲ್ಲಿ’ ಬಂತು. ಕನ್ನಡದವರಿಗೆ ಇದನ್ನು ವಿವರಿಸುವುದು ಕಷ್ಟ ಇಲ್ಲ ಅಲ್ವಾ, ವಿಭಕ್ತಿ ಬದಲಾದರೆ ಅರ್ಥ ಎಲ್ಲಿಗೆ ಹೋಗುತ್ತದೆ ಅಂತ ನಮಗೆ ಗೊತ್ತು. ಈಜಿಪ್ಟಿನವರಿಗೆ ‘ಸ್ವಭಾವ’ ಅನ್ನುವ ಗ್ರೀಕ್ ಪದ ‘ಫುಸಿಸ್’ ಅಂದರೆ ಹೆಚ್ಚುಕಮ್ಮಿ ಜೀವಂತ ವ್ಯಕ್ತಿ. ಎರಡು ಸ್ವಭಾವಗಳಲ್ಲಿ ಅಂದರೆ ಇಬ್ಬರು ಕ್ರಿಸ್ತರು ಅಂತ ಅವರಿಗೆ ಕೇಳಿಸಿತು. ಆ ಸಭೆಯ ನಡಾವಳಿ ಉಳಿದಿದೆ. ಅದರಲ್ಲಿ ಈಜಿಪ್ಟಿನ 13 ಬಿಷಪ್ಪರು ಎರಡು ಸ್ವಭಾವ ಅಂತ ಹೇಳುವ ಪೋಪ್ ಲಿಯೊನ ಪತ್ರಕ್ಕೆ ಈಗಲೇ ಸಹಿ ಕೇಳಬೇಡಿ, ನಮಗೆ ಹೊಸ ಮುಖ್ಯಸ್ಥ ಬರುವವರೆಗೆ ಬಿಡಿ, ಸಹಿ ಹಾಕಿ ಊರಿಗೆ ಹೋದರೆ ನಮ್ಮನ್ನು ಕೊಲ್ಲುತ್ತಾರೆ ಅಂತ ಕಾಲಿಗೆ ಬಿದ್ದು ಬೇಡುತ್ತಾರೆ. ಸುತ್ತ ಕೂತವರು ಅವರನ್ನು ಪಾಷಂಡಿಗಳು ಅಂತ ಕೂಗುತ್ತಾರೆ. ಕೊನೆಗೆ ಸರ್ಕಾರಿ ಅಧಿಕಾರಿಗಳೇ ಕನಿಕರಿಸಿ ಕಾಲಾವಕಾಶ ಕೊಟ್ಟರು. ನಿಮ್ಮ ಪ್ರಕಾರ ಫುಸಿಸ್ ಅಂದರೆ ಏನು ಅಂತ 362ರ ಹಾಗೆ ಕೂರಿಸಿ ಕೇಳುವವರು ಅಲ್ಲಿ ಯಾರೂ ಇರಲಿಲ್ಲ.

ಈಜಿಪ್ಟಿನ ಕಾಪ್ಟಿಕ್, ಸಿರಿಯಾಕ್, ಆರ್ಮೇನಿಯನ್ ಧರ್ಮಸಭೆಗಳು ಕಾಲ್ಸೆಡನ್ನನ್ನು ಇವತ್ತಿಗೂ ಒಪ್ಪಿಲ್ಲ. ನಮಗೆ ಇದು ದೂರದ ಕಥೆಯೂ ಅಲ್ಲ. ಕೇರಳದ ಮಲಂಕರ ಆರ್ಥೊಡಾಕ್ಸ್ ಕ್ರೈಸ್ತರು ಆ ಸಾಲಿನವರೇ. ನಮ್ಮ ಉಡುಪಿ ಜಿಲ್ಲೆಯ ಬ್ರಹ್ಮಾವರದಲ್ಲೂ ಆ ಪರಂಪರೆಯ ಕೊಂಕಣಿ ಮಾತಾಡುವ ಕುಟುಂಬಗಳಿವೆ. 1889ರಲ್ಲಿ ಬಿಷಪ್ ಆದ ಗೋವಾದ ಅಲ್ವಾರಿಸ್ ಮಾರ್ ಜೂಲಿಯಸ್ ಅವರ ಕಾಲದಲ್ಲಿ ಕ್ಯಾಥೊಲಿಕ್ ಧರ್ಮಸಭೆಯಿಂದ ಹೊರಬಂದು ಈ ಕಡೆ ಸೇರಿದವರು. ಅವರು ಬಂದದ್ದು ಕಾಲ್ಸೆಡನ್ ಜಗಳದಿಂದಲ್ಲ, ಬೇರೆ ಕಾರಣಗಳಿಂದ. ಆದರೆ ಹೋಗಿ ಸೇರಿದ ಮನೆ 451ರಲ್ಲಿ ಬೇರೆಯಾದ ಮನೆ. ಮಂಗಳೂರಿನ ಕ್ಯಾಥೊಲಿಕರೂ ಇವರೂ 381ರ ಅದೇ ವಿಶ್ವಾಸ ಪ್ರಮಾಣವನ್ನು ನಿಂತು ಹೇಳುತ್ತಾರೆ, ಪವಿತ್ರಾತ್ಮನ ಬಗ್ಗೆ ಪಶ್ಚಿಮದವರು ಆಮೇಲೆ ಸೇರಿಸಿದ ಒಂದು ಮಾತನ್ನು ಬಿಟ್ಟರೆ.

ಹಾಗಾಗಿ ಕೈ ಎತ್ತಿದ್ದರಿಂದ ಸತ್ಯ ಆಯಿತಾ ಅನ್ನುವ ನಿಮ್ಮ ಪ್ರಶ್ನೆಗೆ, ಕ್ರೈಸ್ತರೂ ಯಾವತ್ತೂ ಹಾಗೆ ಹೇಳಿಲ್ಲ ಅನ್ನುವುದು ನನ್ನ ಉತ್ತರ. ಹಾಗೆ ನಂಬಿದ್ದರೆ ರಿಮಿನಿಯನ್ನೂ ನಂಬಬೇಕಿತ್ತು. ಸಭೆ ಒಂದು ಪದ ಕೊಡುತ್ತದೆ. ಆ ಪದವನ್ನು ಜನ ಪ್ರಾರ್ಥನೆಯಲ್ಲಿ ಬಳಸಿ, ಜಗಳವಾಡಿ, ಅರ್ಥ ಕೇಳಿಕೊಂಡು, ಇದು ನಾವು ಮೊದಲಿಂದ ನಂಬಿದ್ದೇ ಅಂತ ಗುರುತು ಹಿಡಿಯಲು ಒಂದೆರಡು ತಲೆಮಾರು ಬೇಕಾಗುತ್ತದೆ. ಕೆಲವು ಸಲ ತುಂಬಾ ಜಾಸ್ತಿ. 1984ರ ಜೂನಿನಲ್ಲಿ ಪೋಪ್ ಎರಡನೇ ಜಾನ್ ಪಾಲ್ ಮತ್ತು ಸಿರಿಯಾಕ್ ಆರ್ಥೊಡಾಕ್ಸ್ ಧರ್ಮಸಭೆಯ ಮುಖ್ಯಸ್ಥ ಒಂದನೇ ಜಕ್ಕಾ ಇವಾಸ್ ರೋಮಿನಲ್ಲಿ ಒಂದು ಜಂಟಿ ಹೇಳಿಕೆಗೆ ಸಹಿ ಹಾಕಿದರು. ಹಿಂದಿನ ಒಡಕುಗಳು ನಮ್ಮ ನಂಬಿಕೆಯ ತಿರುಳನ್ನು ಮುಟ್ಟಿಲ್ಲ, ಅವು ಪದಗಳ ಮತ್ತು ಸಂಸ್ಕೃತಿಯ ವ್ಯತ್ಯಾಸದಿಂದ ಬಂದವು ಅಂತ ಅದರಲ್ಲಿದೆ. ಕಾಲ್ಸೆಡನ್ ಆಗಿ 1533 ವರ್ಷ ಕಳೆದಿತ್ತು. ತಮ್ಮ ಪಾದ್ರಿ ಸಿಗದ ಕಡೆ ಈ ಎರಡು ಧರ್ಮಸಭೆಗಳ ವಿಶ್ವಾಸಿಗಳು ಇನ್ನೊಬ್ಬರ ಪಾದ್ರಿಯ ಹತ್ತಿರ ಪರಮಪ್ರಸಾದವನ್ನೂ ಪಾಪನಿವೇದನೆಯನ್ನೂ ರೋಗಿಗಳಿಗೆ ಹಚ್ಚುವ ಎಣ್ಣೆಯನ್ನೂ ಕೇಳಬಹುದು ಅಂತ ಅದೇ ಹೇಳಿಕೆಯಲ್ಲಿ ಬರೆದರು.